ಅಳತೆಗೋಲಾಗಿ ನಿಂತ ಮನುಷ್ಯ

(ಹಳೆಯ ಛಾಯಾಚಿತ್ರಗಳನ್ನು ಕುರಿತ ಉಪನ್ಯಾಸದ ಪಾಠ)



ಈಜಿಪ್ಟಿನ ಅಬು ಸಿಂಬೆಲ್‌ನ ಹಳೆಯ ಚಿತ್ರವೊಂದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮರಳಿನಲ್ಲಿ ಹೂತುಹೋದ ರಾಮ್ಸೆಸ್ ದೊರೆಯ ಬೃಹತ್ ವಿಗ್ರಹ. ಅದರ ತಲೆಯ ಮೇಲೆ ಗುಬ್ಬಿ ಕೂತಂತೆ ಒಬ್ಬ ಮನುಷ್ಯ. 1850ರಲ್ಲಿ ಇದನ್ನು ತೆಗೆದವನು ಫ್ರಾನ್ಸಿನ ಮ್ಯಾಕ್ಸೀಮ್ ದು ಕಾಂ. ಮುಂದೆ ‘ಮದಾಂ ಬೋವರಿ’ ಬರೆದ ಫ್ಲಾಬೇರ್ ಆ ಪ್ರವಾಸದಲ್ಲಿ ಅವನ ಜೊತೆಗಾರ. 1852ರಲ್ಲಿ ಹೊರಬಂದ ದು ಕಾಂನ ಪುಸ್ತಕದಲ್ಲಿ 125 ಚಿತ್ರಗಳಿವೆ.

ಹಲವು ಚಿತ್ರಗಳಲ್ಲಿ ಕಾಣುವವನು ಹಾಜಿ ಇಸ್ಮಾಯಿಲ್. ಅವರ ದೋಣಿಯ ನಾವಿಕ, ನ್ಯೂಬಿಯಾದವನು. ಕಟ್ಟಡದ ಎತ್ತರ ತಿಳಿಯಲೆಂದು ಅವನನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಅಲುಗಿದರೆ ಚಿತ್ರ ಕೆಟ್ಟಿತು. ಅದಕ್ಕೆ ದು ಕಾಂ ಒಂದು ಉಪಾಯ ಹೂಡಿದ: ಕ್ಯಾಮೆರಾದ ಹಿತ್ತಾಳೆಯ ಕೊಳವೆ ತೋಪಿನ ಬಾಯಿ, ಮಿಸುಕಿದರೆ ಗುಂಡು ಹಾರುತ್ತದೆ ಎಂದು ಹೆದರಿಸಿದ. ಇದನ್ನು ತಮಾಷೆಯೆಂಬಂತೆ ಅವನೇ ಬರೆದಿಟ್ಟಿದ್ದಾನೆ. ಇಸ್ಮಾಯಿಲ್ ನಿಜಕ್ಕೂ ನಂಬಿದನೋ, ನಂಬಿದಂತೆ ನಟಿಸಿ ತನ್ನ ಕೂಲಿ ಎಣಿಸಿಕೊಂಡನೋ? ನಮಗೆ ಸಿಕ್ಕಿರುವುದು ಯಜಮಾನನ ಮಾತು ಮಾತ್ರ.

ಈ ಚಿತ್ರಗಳಲ್ಲಿ ಊರುಗಳು ಬಹುಪಾಲು ನಿರ್ಜನ. ಇದರಲ್ಲಿ ಯಂತ್ರದ ಪಾಲೂ ಇದೆ, ಅದನ್ನು ಮರೆಯಬಾರದು. ಆಗಿನ ಕಾಗದದ ನೆಗೆಟಿವ್‌ಗೆ ಬಹಳ ಹೊತ್ತು ಬೆಳಕು ತಾಗಬೇಕಿತ್ತು. ನಡೆದುಹೋಗುವವರು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಪುಟ ತಿರುವಿದವನಿಗೆ ಇದು ಹೇಗೆ ತಿಳಿಯಬೇಕು? ಅವನ ಕಣ್ಣಿಗೆ ಬಿದ್ದದ್ದು ವಾರಸುದಾರರಿಲ್ಲದ ನಾಡು. ಅಂಥ ಆಸ್ತಿಯ ಉಸ್ತುವಾರಿಗೆ ಯುರೋಪು ಆಗ ತುದಿಗಾಲಲ್ಲಿ ನಿಂತಿತ್ತು!

ನಮ್ಮ ಹಂಪಿಗೂ 1856ರಲ್ಲಿ ಇಂಥದೇ ಕ್ಯಾಮೆರಾ ಬಂತು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ಮೇಲೆ ಅಲ್ಲಿನ ಗುಡಿ, ಮಂಟಪಗಳನ್ನು ಹಿಡಿದಿಟ್ಟ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆದೇ ಇತ್ತು. ಚಿತ್ರಗಳನ್ನು ನೋಡಿದರೆ ಮಾತ್ರ ಅಲ್ಲಿದ್ದದ್ದು ಬರೀ ಕಲ್ಲು ಎನಿಸುತ್ತದೆ.

ಹಾಗೆಂದು ಅವನ್ನು ಮೂಲೆಗೆ ಎಸೆಯುವಂತಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಗ್ರೀನ್‌ಲಾ ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. ಆಮೇಲೆ ಅದನ್ನು ತೆಗೆದುಹಾಕಿದರು. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿರುವುದೂ ಶಿಖರವಿಲ್ಲದ ರಥವೇ.