ಎರಡಾಣೆಯ ಇತಿಹಾಸ: ಮಕ್ಕಳ ಸಾಕ್ಷ್ಯಚಿತ್ರಕ್ಕೊಂದು ಯೋಜನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಜಿಲ್ಲೆಯ ಇತಿಹಾಸದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದಾರೆ. ಅದನ್ನು ಹೇಗೆ ಯೋಜಿಸಬೇಕು ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಶಿಕ್ಷಕರು ಅಪೇಕ್ಷಿಸಿದ್ದಾರೆ. ನಾನು ಸಾಫ್ಟ್‌ವೇರ್ ಕೆಲಸದವನು, ಇತಿಹಾಸ ಓದಿದವನಲ್ಲ. ಆದರೆ ಕೆಲಸ ಶುರು ಮಾಡುವ ಮೊದಲು ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು ನಮ್ಮ ವೃತ್ತಿಯ ನಿತ್ಯದ ಪಾಠ. ಆ ಧೈರ್ಯದಿಂದ ಮಾತನಾಡುತ್ತೇನೆ.

ಮಕ್ಕಳು ಮಾಡಿದ ಪಟ್ಟಿಯನ್ನು ನೋಡಿದೆ. ಉಡುಪಿಯ ಕೃಷ್ಣಮಠ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಕಾರ್ಕಳದ ಗೊಮ್ಮಟ, 1586ರ ಚತುರ್ಮುಖ ಬಸದಿ, 1901ರ ಕಾಪು ದೀಪಸ್ತಂಭ, ಮಣಿಪಾಲದ ವಿದ್ಯಾಸಂಸ್ಥೆಗಳು ಎಲ್ಲವೂ ಅದರಲ್ಲಿವೆ. ಹೆಮ್ಮೆಪಡಬೇಕಾದ ಪಟ್ಟಿಯೇ. ಆದರೆ ಹನ್ನೆರಡು ನಿಮಿಷದ ಚಿತ್ರದಲ್ಲಿ ಇಷ್ಟನ್ನೂ ತುರುಕಿದರೆ ಅದು ಪ್ರವಾಸೋದ್ಯಮದ ಜಾಹೀರಾತಾಗುತ್ತದೆಯೇ ಹೊರತು ಇತಿಹಾಸವಾಗುವುದಿಲ್ಲ. ಇನ್ನೂ ಒಂದು ಮಾತಿದೆ. ಗೊಮ್ಮಟ ಆರು ಶತಮಾನ ಕಾದಿದ್ದಾನೆ, ಇನ್ನೂ ಕಾಯುತ್ತಾನೆ. ಮನುಷ್ಯರ ನೆನಪು ಹಾಗೆ ಕಾಯುವುದಿಲ್ಲ. ಆದ್ದರಿಂದ ಯಾವುದನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೋ, ಹತ್ತು ವರ್ಷದ ನಂತರ ಇರಲಾರರೋ, ಅದನ್ನೇ ಮೊದಲು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಉದಾಹರಣೆಗೆ ಪಿಗ್ಮಿಯನ್ನು ತೆಗೆದುಕೊಳ್ಳೋಣ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಮನೆಬಾಗಿಲಿಗೆ, ಅಂಗಡಿಗೆ ಏಜೆಂಟ್ ದಿನವೂ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಬರುವ ವ್ಯವಸ್ಥೆ ಅದು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ.

ಇದಕ್ಕೂ ಮೊದಲು, 1906ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲೇ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತ್ತು. 2020ರ ಏಪ್ರಿಲ್ 1ರಂದು, ಒಂದೇ ದಿನ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಈಗ ಎಂಟನೇ ತರಗತಿಯಲ್ಲಿರುವ ಮಗುವಿಗೆ ಆ ಎರಡು ಹೆಸರಿನ ಬೋರ್ಡು ನೋಡಿದ ನೆನಪು ಇದ್ದರೂ ಮಸುಕಾಗಿಯೇ ಇರುತ್ತದೆ.

ಸ್ಥಾಪಕರ ಹೆಸರು ಪುಸ್ತಕದಲ್ಲಿದೆ. ಆದರೆ ಎರಡಾಣೆ ಕೊಟ್ಟವರು ಯಾರು? ಕಾಪುವಿನಲ್ಲಿ ಮೀನು ಮಾರುತ್ತಿದ್ದ ಅಮ್ಮಂದಿರು, ಕಾರ್ಕಳದ ಪೇಟೆಯ ಸಣ್ಣ ಅಂಗಡಿಯವರು, ಬೀಡಿ ಕಟ್ಟುತ್ತಿದ್ದ ಅಕ್ಕಂದಿರು ಪಿಗ್ಮಿ ಕಟ್ಟಿದ್ದರೇ? ಕೂಡಿಸಿದ ಹಣ ಯಾವುದಕ್ಕಾಯಿತು, ಮಗಳ ಮದುವೆಗೋ, ಮಾಡಿನ ಹಂಚಿಗೋ, ಇದೇ ಶಾಲೆಗೆ ಬರುವ ಮಗನ ಪುಸ್ತಕಕ್ಕೋ? ಇದು ಯಾವ ಪುಸ್ತಕದಲ್ಲೂ ಪೂರ್ತಿ ಸಿಗುವುದಿಲ್ಲ. ಕೇಳಿಯೇ ತಿಳಿಯಬೇಕು. ಚಿತ್ರಕ್ಕೆ ಈ ಒಂದೇ ಪ್ರಶ್ನೆ ಸಾಕು.

ಪ್ರಶ್ನೆ ಸಿಕ್ಕಿದ ಮೇಲೆ ಮೂವರನ್ನು ಹುಡುಕಿ: ಹಣ ಕಟ್ಟಿದವರೊಬ್ಬರು, ಹಣ ಸಂಗ್ರಹಿಸಿದವರೊಬ್ಬರು, ಬ್ಯಾಂಕಿನ ಒಳಗೆ ಕುಳಿತು ಲೆಕ್ಕ ಬರೆದವರೊಬ್ಬರು. ಅವರು ತುಳುವಿನಲ್ಲೋ, ಕೊಂಕಣಿಯಲ್ಲೋ, ಬ್ಯಾರಿಯಲ್ಲೋ ಮಾತನಾಡಲಿ. ಕೆಮರಾ ಕಂಡ ಕೂಡಲೇ ಪುಸ್ತಕದ ಕನ್ನಡಕ್ಕೆ ತಿರುಗಿದರೆ ಅರ್ಧ ನೆನಪು ಬಾಯಲ್ಲೇ ಉಳಿಯುತ್ತದೆ. ಕನ್ನಡದ ಸಾಲುಗಳನ್ನು ಪರದೆಯ ಕೆಳಗೆ ನಾವು ಹಾಕಿಕೊಳ್ಳಬಹುದು. ‘ಪಿಗ್ಮಿಯಿಂದ ಒಳ್ಳೆಯದಾಯಿತಾ ಅಜ್ಜಿ?’ ಎಂದು ಕೇಳಿದರೆ ‘ಹೌದು ಮಗಾ’ ಎಂಬ ಒಂದೇ ಉತ್ತರ. ‘ಏಜೆಂಟ್ ಎಷ್ಟು ಹೊತ್ತಿಗೆ ಬರುತ್ತಿದ್ದರು? ಆ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ. ಆಗ ಕಥೆ ಬರುತ್ತದೆ.

ನೆನಪನ್ನು ಗೌರವಿಸಬೇಕು, ಪರೀಕ್ಷಿಸಲೂ ಬೇಕು. ಯಾರಾದರೂ 1965ರಲ್ಲಿ ಎರಡಾಣೆ ಕಟ್ಟುತ್ತಿದ್ದೆ ಎಂದರೆ ಏನು ಮಾಡುತ್ತೀರಿ? ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. ಹಾಗೆಂದು ಅಜ್ಜ ಸುಳ್ಳು ಹೇಳುತ್ತಿದ್ದಾರೆ ಎನ್ನಬೇಡಿ. ನಾಣ್ಯ ಬದಲಾದ ಎಷ್ಟೋ ವರ್ಷಗಳವರೆಗೆ ನಮ್ಮವರು ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎಂದೇ ಹೇಳುತ್ತಿದ್ದರು. ಹಳೆ ಪಾಸ್‌ಪುಸ್ತಕವೊಂದು ಸಿಕ್ಕಿದರೆ ಮೊತ್ತವೂ ಇಸವಿಯೂ ಬ್ಯಾಂಕಿನ ಅಂದಿನ ಹೆಸರೂ ಒಟ್ಟಿಗೆ ಗೊತ್ತಾಗುತ್ತದೆ. ಬ್ಯಾಂಕು ರಾಷ್ಟ್ರೀಕರಣವಾದದ್ದು 1969ರ ಜುಲೈ 19ರಂದು. ‘ಉದಯವಾಣಿ’ ಮಣಿಪಾಲದಿಂದ ಹೊರಬರತೊಡಗಿದ್ದು 1970ರಲ್ಲಿ. ಆ ಬಳಿಕದ ಸಂಗತಿಗಳಿಗೆ ಪತ್ರಿಕೆಯ ಹಳೆ ಸಂಚಿಕೆಗಳೂ ಆಧಾರ. ಮಾತು ಮತ್ತು ಕಾಗದ ಎರಡನ್ನೂ ಅಕ್ಕಪಕ್ಕ ಇಡುವುದೇ ನಿಮ್ಮ ಕೆಲಸ.

ಚಿತ್ರ ಬರೀ ಹೊಗಳಿಕೆಯಾಗುವುದೂ ಬೇಡ. ಬಿಸಿಲು ಮಳೆಯೆನ್ನದೆ ತಿರುಗಿದ ಏಜೆಂಟರಿಗೆ ಸಿಗುತ್ತಿದ್ದದ್ದು ಕಮಿಷನ್. ಅವರು ಕಾರ್ಮಿಕರೇ ಅಲ್ಲವೇ ಎಂಬ ವ್ಯಾಜ್ಯ ದಿಲ್ಲಿಯವರೆಗೆ ಹೋಯಿತು. ಠೇವಣಿ ಸಂಗ್ರಹಿಸುವವರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು, ಆದರೆ ಬ್ಯಾಂಕಿನ ಕಾಯಂ ನೌಕರರಿಗೆ ಅವರನ್ನು ಸಮ ಎನ್ನಲಿಲ್ಲ. ನಮ್ಮ ಊರಿನ ಹೆಮ್ಮೆಯ ಯೋಜನೆಯಲ್ಲಿ ಈ ಪುಟವೂ ಇದೆ. ಇದನ್ನು ಬಿಟ್ಟರೆ ಚೀಲ ಹೊತ್ತು ನಡೆದವರಿಗೆ ಅನ್ಯಾಯವಾಗುತ್ತದೆ.

ಇನ್ನು ಕೆಲವು ಪ್ರಾಯೋಗಿಕ ಮಾತು. ಮೊಬೈಲ್ ಕೆಮರಾ ಧಾರಾಳ ಸಾಕು. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕಾಪುವಿನ ಕಡಲ ಬದಿಯಲ್ಲಿ ಗಾಳಿ ಮಾತನ್ನು ನುಂಗುತ್ತದೆ, ಸಂದರ್ಶನ ಮನೆಯೊಳಗೇ ಆಗಲಿ, ಫ್ಯಾನ್ ಆಫ್ ಮಾಡಿ. ನಮ್ಮ ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಧ್ವನಿಮುದ್ರಣ ಅಸಾಧ್ಯ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓದು, ಹುಡುಕಾಟ, ಪ್ರಶ್ನೆಗಳ ತಯಾರಿ. ದೀಪಾವಳಿಯ ನಂತರ ಚಿತ್ರೀಕರಣ, ಜನವರಿಯಲ್ಲಿ ಸಂಕಲನ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇದರಿಂದ ದೂರ ಇಡುವುದು ಒಳ್ಳೆಯದು.

ಹಿರಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಅವರಿಗೆ ಓದಲು ಬಾರದಿದ್ದರೆ ಓದಿ ಹೇಳಿ. ಖಾತೆ ಸಂಖ್ಯೆ ಪರದೆಯಲ್ಲಿ ಕಾಣಬಾರದು. ‘ಇದನ್ನು ಹಾಕಬೇಡ ಮಗಾ’ ಎಂದು ಅವರು ಹೇಳಿದ್ದನ್ನು ಹಾಕಬೇಡಿ. ಒಂದು ಗಂಟೆಯ ಮಾತಿನಲ್ಲಿ ಚಿತ್ರಕ್ಕೆ ಎರಡು ನಿಮಿಷ ಸೇರಬಹುದು, ಉಳಿದದ್ದನ್ನು ಅಳಿಸಬೇಡಿ. ದಿನಾಂಕ, ಊರು, ಹೆಸರು ಬರೆದು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಒಂದು ಪ್ರತಿ ಮಾತನಾಡಿದವರ ಮನೆಗೂ ತಲುಪಲಿ. ಈ ಸಂಗ್ರಹವನ್ನು ಜೋಡಿಸಿಡುವ ಕೆಲಸವನ್ನು ಹಳೆ ವಿದ್ಯಾರ್ಥಿ ಸಂಘದ ಪರವಾಗಿ ನಾನು ವಹಿಸಿಕೊಳ್ಳುತ್ತೇನೆ.

ಕೊನೆಯದಾಗಿ ಊರವರಲ್ಲಿ ಒಂದು ವಿನಂತಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆ ಪಾಸ್‌ಪುಸ್ತಕ, ಪಿಗ್ಮಿ ಕಾರ್ಡು, ರಶೀದಿ ಇದ್ದರೆ ಗುಜರಿಗೆ ಹಾಕುವ ಮೊದಲು ಶಾಲೆಗೊಮ್ಮೆ ತೋರಿಸಿ. ಮಕ್ಕಳು ಫೋಟೋ ತೆಗೆದು ಅಲ್ಲೇ ಹಿಂದಿರುಗಿಸುತ್ತಾರೆ. ಸಂಜೆ ಹೊತ್ತು ಇಬ್ಬರು ಮಕ್ಕಳು ಶಿಕ್ಷಕರೊಂದಿಗೆ ನಿಮ್ಮ ಜಗಲಿಗೆ ಬಂದರೆ ಕುಳ್ಳಿರಿಸಿ ಮಾತನಾಡಿ. ನಿಮ್ಮ ಮನೆಯ ಎರಡಾಣೆಯ ಲೆಕ್ಕ ಈ ಜಿಲ್ಲೆಯ ಇತಿಹಾಸಕ್ಕೆ ಸೇರಬೇಕಾದದ್ದು. ಅದನ್ನು ಬರೆದುಕೊಳ್ಳಲು ಈ ಮಕ್ಕಳು ತಯಾರಾಗಿದ್ದಾರೆ.