ನ್ಯಾಯಪೀಠದಲ್ಲಿ ಅನ್ನಾ ಚಾಂಡಿ



ಕನ್ನಡ ಸಂಘದ ಈ ವಾರ್ಷಿಕೋತ್ಸವದಲ್ಲಿ ನಾವು ಕನ್ನಡಿತಿಯಲ್ಲದ ಮಹಿಳೆಯೊಬ್ಬರನ್ನು ಸ್ಮರಿಸುವುದು ಕೆಲವರಿಗೆ ಸೋಜಿಗವೆನಿಸೀತು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಮದರಾಸಿಗೆ ಹೋಗುತ್ತಿದ್ದ ನಮ್ಮ ವ್ಯಾಜ್ಯಗಳ ಮೇಲ್ಮನವಿಗಳು ಎರ್ನಾಕುಲದ ಹೈಕೋರ್ಟಿನ ದಾರಿ ಹಿಡಿದವು. ಆ ನ್ಯಾಯಾಲಯದ ಪೀಠವನ್ನು 1959ರ ಫೆಬ್ರವರಿ 9ರಂದು ಏರಿದ ಶ್ರೀಮತಿ ಅನ್ನಾ ಚಾಂಡಿಯವರು ಭಾರತದ ಹೈಕೋರ್ಟುಗಳಲ್ಲೇ ಪ್ರಥಮ ಮಹಿಳಾ ನ್ಯಾಯಮೂರ್ತಿಗಳು. ಅವರ ಚರಿತ್ರೆ ನಮಗೆ ಹೊರತಾದುದಲ್ಲ.

1905ರಲ್ಲಿ ತಿರುವಾಂಕೂರು ಸಂಸ್ಥಾನದಲ್ಲಿ ಜನಿಸಿದ ಅವರು, ಕೇರಳದಲ್ಲಿ ಕಾನೂನು ಪದವಿ ಪಡೆದ ಮೊದಲ ಸ್ತ್ರೀ. ಹೆಂಗಸರಿಗೆ ಸರಕಾರಿ ಉದ್ಯೋಗ ಕೊಟ್ಟರೆ ಸಂಸಾರ ಕೆಡುವುದೆಂದು 1928ರಲ್ಲಿ ತಿರುವನಂತಪುರದ ಸಭೆಯೊಂದರಲ್ಲಿ ವಾದ ಹೂಡಿದವರಿಗೆ, ಅವರು ನ್ಯಾಯಾಲಯದಲ್ಲಿ ನಿಂತಂತೆಯೇ ಒಂದೊಂದಾಗಿ ಉತ್ತರವಿತ್ತರು. 1930ರಲ್ಲಿ ‘ಶ್ರೀಮತಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಶ್ರೀಮೂಲಂ ಸಭೆಯ ಚುನಾವಣೆಗೆ ನಿಂತಾಗ ಅಪಪ್ರಚಾರಕ್ಕೆ ಗುರಿಯಾಗಿ ಸೋತರು. ಎದೆಗುಂದದೆ ಮತ್ತೆ ನಿಂತು 1932ರಲ್ಲಿ ಗೆದ್ದರು.

1937ರಲ್ಲಿ ಮುನ್ಸೀಫರಾಗಿ ನೇಮಕಗೊಂಡು, 1948ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ಕೆಳಗಿನ ಮೆಟ್ಟಿಲಿನಿಂದ ಹೈಕೋರ್ಟಿಗೆ ಏರಲು ಅವರಿಗೆ 22 ವರ್ಷಗಳು ಹಿಡಿದವು. 1967ರ ಏಪ್ರಿಲಿನಲ್ಲಿ ನಿವೃತ್ತರಾದ ಬಳಿಕ ಭಾರತದ ಕಾನೂನು ಆಯೋಗದಲ್ಲಿಯೂ ಸೇವೆ ಸಲ್ಲಿಸಿ, 1996ರಲ್ಲಿ ದಿವಂಗತರಾದರು. ಅದಕ್ಕೆ ಮುನ್ನವೇ, 1989ರಲ್ಲಿ, ಕೇರಳದವರೇ ಆದ ಫಾತಿಮಾ ಬೀವಿಯವರು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಗಳಾದರು.

ಇದರಿಂದ ನಾವು ಕಲಿಯಬೇಕಾದುದೇನು? ಮೇಲ್ಮನವಿಯನ್ನು ಆಲಿಸುವ ನ್ಯಾಯಮೂರ್ತಿಯ ಮುಂದೆ ಸಾಕ್ಷಿಗಳು ಸಾಮಾನ್ಯವಾಗಿ ಬಂದು ನಿಲ್ಲುವುದಿಲ್ಲ. ಅಲ್ಲಿ ಮಾತನಾಡುವುದು ಕಾಗದಪತ್ರಗಳು. ನಮ್ಮ ಹಿರಿಯರು ಬರೆಸಿಟ್ಟ ಕ್ರಯಪತ್ರ, ಪಾಲುಪಟ್ಟಿಗಳೋ ಕನ್ನಡದಲ್ಲಿವೆ. ಅವುಗಳ ಒಂದು ಪದ ಭಾಷಾಂತರದಲ್ಲಿ ಜಾರಿದರೆ ಅಡಕೆ ತೋಟದ ಮೇರೆಯೇ ಜಾರೀತು. ಎಷ್ಟು ನಿಷ್ಪಕ್ಷಪಾತಿಯಾದ ನ್ಯಾಯಮೂರ್ತಿಯೂ ತನಗೆ ಓದಿಸಿದುದನ್ನಷ್ಟೇ ತೂಗಬಲ್ಲರು. ಆದುದರಿಂದ ಕನ್ನಡವನ್ನು ಬಲ್ಲ, ಮಲಯಾಳವನ್ನೂ ಇಂಗ್ಲಿಷನ್ನೂ ಅರಿತ ವಕೀಲರು, ಭಾಷಾಂತರಕಾರರು, ನ್ಯಾಯಾಧೀಶರು ನಮ್ಮ ಮನೆಗಳಿಂದಲೇ ಹೊರಡಬೇಕು.

ತಾಯಿತಂದೆಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಕನ್ನಡ ಶಾಲೆಯಲ್ಲಿ ಓದಿದ ಮಗಳಿಗೆ ಹೈಸ್ಕೂಲಿನ ವಿದ್ಯೆಯೇ ಸಾಕೆನ್ನಬೇಡಿರಿ. ಅವಳು ಕಾನೂನು ಓದುವೆನೆಂದರೆ ತಡೆಯಬೇಡಿರಿ. ಹಕ್ಕನ್ನು ಕೇಳುವ ಧ್ವನಿಯಷ್ಟೇ, ಅದನ್ನು ಓದಿ ತಿಳಿಸಬಲ್ಲ ಕಣ್ಣುಗಳೂ ಗಡಿನಾಡಿಗೆ ಬೇಕಾಗಿವೆ.