ಎಂಜಿನಿಯರ್ ಎಂಬ ಹೆಸರು ಯಾರಿಗೆ ಸಲ್ಲಬೇಕು?

(ಎಂಜಿನಿಯರುಗಳ ದಿನದ ಸಂದರ್ಭದಲ್ಲಿ ವಾರಾಣಸಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಅದನ್ನು ದೇಶವು ಎಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ. ಈ ದಿನವನ್ನು ಕಾಶಿಯಲ್ಲಿ ಆಚರಿಸುವುದು ಕನ್ನಡಿಗರಿಗೆ ಇನ್ನಷ್ಟು ಸಂತೋಷದ ಸಂಗತಿ. ಇಲ್ಲಿಯ ಹಿಂದೂ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಪಂಡಿತ ಮದನ ಮೋಹನ ಮಾಲವೀಯರ ದೂರದೃಷ್ಟಿಯಿಂದ 1919ರಲ್ಲಿ ಇಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು 2012ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ಥಾನವನ್ನು ಪಡೆಯಿತು. ದೇಶಕ್ಕೆ ಅಸಂಖ್ಯ ಎಂಜಿನಿಯರುಗಳನ್ನು ನೀಡಿದ ನಗರವಿದು. ಆದುದರಿಂದ ನಾವು ಸುಲಭವಾಗಿ ಬಳಸುವ 'ಎಂಜಿನಿಯರ್' ಎಂಬ ಹೆಸರಿನ ಬಗ್ಗೆಯೇ ಒಂದು ಪ್ರಶ್ನೆಯನ್ನು ಎತ್ತಲು ಇದು ತಕ್ಕ ಸ್ಥಳವೆಂದು ಭಾವಿಸುತ್ತೇನೆ. ಆ ಹೆಸರು ಯಾರಿಗೆ ಸಲ್ಲಬೇಕು? ಅದನ್ನು ನಿರ್ಧರಿಸುವವರು ಯಾರು?

ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಿಂದ ಪಡೆದದ್ದು ಎಲ್.ಸಿ.ಇ. ಪದವಿ. ಅದರ ಮೊದಲ ಅಕ್ಷರವು 'ಲೈಸೆನ್ಷಿಯೇಟ್' ಎಂಬ ಪದವನ್ನು ಸೂಚಿಸುತ್ತದೆ. ಅನುಮತಿ ಪಡೆದವನು ಎಂಬುದು ಅದರ ಮೂಲಾರ್ಥ. ಅಂದರೆ ಪದವಿಯ ಹೆಸರಿನಲ್ಲಿಯೇ ಪರವಾನಗಿಯ ಭಾವನೆ ಅಡಗಿತ್ತು. ಆದರೆ ಅಂದು ಎಂಜಿನಿಯರುಗಳಲ್ಲಿ ಬಹುಮಂದಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿಯೇ ಇದ್ದರು. ಇಲಾಖೆಯ ಹುದ್ದೆಯೇ ಅವರ ಯೋಗ್ಯತೆಗೆ ಪ್ರಮಾಣಪತ್ರವಾಗಿತ್ತು. ತಪ್ಪಿದರೆ ಮೇಲಧಿಕಾರಿ ಕೇಳುತ್ತಿದ್ದರು. ಹೀಗಾಗಿ ಪ್ರತ್ಯೇಕ ಪರವಾನಗಿಯ ಅಗತ್ಯ ಯಾರಿಗೂ ತೋರಲಿಲ್ಲ. ಇಂದು ಸನ್ನಿವೇಶ ಬದಲಾಗಿದೆ. ಖಾಸಗಿಯಾಗಿ ವೃತ್ತಿ ನಡೆಸುವವರ ಸಂಖ್ಯೆ ಬಹಳ ಹೆಚ್ಚಿದೆ. ಆದರೆ ಹಳೆಯ ನಂಬಿಕೆ ಹಾಗೆಯೇ ಉಳಿದಿದೆ.

ಪರವಾನಗಿಯ ವಿಚಾರ ಬಂದಾಗ ಈ ನಗರದ ಒಂದು ಹಳೆಯ ಉದಾಹರಣೆಯನ್ನು ಮರೆಯಲಾಗದು. 1820ರಿಂದ 1830ರವರೆಗೆ ಇಲ್ಲಿಯ ಟಂಕಸಾಲೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಆಂಗ್ಲ ಅಧಿಕಾರಿ ಇದ್ದನು. ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿ ಪ್ರಸಿದ್ಧನಾದವನು ಈತನೇ. ಲೋಹದ ಶುದ್ಧತೆಯನ್ನು ಪರೀಕ್ಷಿಸುವುದು ಅವನ ಕೆಲಸ. ಆದರೂ ಅವನು ಕಾಶಿಯ ನಕ್ಷೆಯನ್ನು ತಯಾರಿಸಿದನು, ನೆಲದಡಿಯ ಚರಂಡಿಯನ್ನು ಕಟ್ಟಿಸಿದನು, ಔರಂಗಜೇಬನ ಮಸೀದಿಯ ಮಿನಾರುಗಳನ್ನು ದುರಸ್ತಿ ಮಾಡಿಸಿದನು, ಕರ್ಮನಾಶಾ ನದಿಗೆ ಕಲ್ಲಿನ ಸೇತುವೆಯನ್ನು ಕಟ್ಟಿದನು. ಎಂಜಿನಿಯರಿಂಗ್ ಪದವಿಯಿಲ್ಲದೆ ಎಂಜಿನಿಯರನ ಕೆಲಸವನ್ನು ಅವನು ಮಾಡಿ ತೋರಿಸಿದನು. ಇನ್ನೊಂದೆಡೆ, ಅದೇ ಕಾಲದಲ್ಲಿ ಗ್ವಾಲಿಯರಿನ ರಾಣಿ ಬೈಜಾಬಾಯಿ ಕಟ್ಟಿಸಿದ ಸಿಂಧಿಯಾ ಘಾಟಿನ ಭಾರಿ ಕಟ್ಟಡ ತನ್ನ ತೂಕವನ್ನು ತಾನೇ ತಾಳಲಾರದೆ ದಂಡೆಯಲ್ಲಿ ಕುಸಿಯಿತು. ಕಾಗದವಿಲ್ಲದವರಲ್ಲಿ ಬಲ್ಲವರೂ ಇದ್ದಾರೆ, ವೈಭವದ ಹಿಂದೆ ದುರ್ಬಲವಾದ ಪಾಯವೂ ಇರಬಹುದು. ಇವರಿಬ್ಬರನ್ನೂ ಬೇರ್ಪಡಿಸಿ ತಿಳಿಯುವ ಶಕ್ತಿ ಸಾಮಾನ್ಯ ಪ್ರಜೆಗೆ ಇರುವುದಿಲ್ಲ. ಆ ಕೆಲಸವನ್ನು ಅವನ ಪರವಾಗಿ ಸಮಾಜ ಮಾಡಬೇಕು. ಪರವಾನಗಿಯ ಉದ್ದೇಶ ಇಷ್ಟೇ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಎಲ್ಲ ವೃತ್ತಿಗಳನ್ನು ಒಂದೇ ರೀತಿ ಕಂಡಿಲ್ಲ. ಲೆಕ್ಕಪರಿಶೋಧಕರಿಗೆ 1949ರಲ್ಲಿಯೂ ವಕೀಲರಿಗೆ 1961ರಲ್ಲಿಯೂ ಪ್ರತ್ಯೇಕ ಅಧಿನಿಯಮಗಳು ಬಂದವು. ವೈದ್ಯರಿಗೆ 1956ರ ಅಧಿನಿಯಮವಿತ್ತು. ಅದರ ಸ್ಥಾನಕ್ಕೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮ ಬಂದಿದೆ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವುದು ಅಪರಾಧ. ವಾಸ್ತುಶಿಲ್ಪಿಗಳಿಗೆ 1972ರ ಅಧಿನಿಯಮವಿದೆ. ಆದರೆ ಅದು ರಕ್ಷಿಸುವುದು 'ಆರ್ಕಿಟೆಕ್ಟ್' ಎಂಬ ಹೆಸರನ್ನು ಮಾತ್ರ. ನೋಂದಣಿಯಿಲ್ಲದವರು ಆ ಹೆಸರನ್ನು ಬಳಸಬಾರದೆಂದೂ, ಆ ಕೆಲಸವನ್ನು ಮಾಡಲೇಬಾರದೆಂದು ಅದರ ಅರ್ಥವಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ನೀಡಿತು. ಹೆಸರಿನ ರಕ್ಷಣೆ ಒಂದು, ವೃತ್ತಿಯ ರಕ್ಷಣೆ ಇನ್ನೊಂದು ಎಂಬ ಭೇದವನ್ನು ನಾವು ಇಲ್ಲಿ ಗಮನಿಸಬೇಕು.

ಎಂಜಿನಿಯರುಗಳಿಗಾದರೋ ಇಂತಹ ಅಖಿಲ ಭಾರತ ಅಧಿನಿಯಮ ದೀರ್ಘಕಾಲ ಬರಲೇ ಇಲ್ಲ. ತಾಂತ್ರಿಕ ಶಿಕ್ಷಣ ಪರಿಷತ್ತಿಗೆ 1987ರ ಅಧಿನಿಯಮದ ಬಲವಿದೆ. ಆದರೆ ಅದರ ಮನ್ನಣೆ ಕಾಲೇಜುಗಳಿಗೆ ಸಲ್ಲುವುದೇ ಹೊರತು ವ್ಯಕ್ತಿಗಳಿಗಲ್ಲ. 1920ರಲ್ಲಿ ನೋಂದಣಿಗೊಂಡು 1935ರಲ್ಲಿ ರಾಜಸನ್ನದನ್ನು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆ ಅರ್ಹ ಸದಸ್ಯರಿಗೆ 'ಚಾರ್ಟರ್ಡ್ ಎಂಜಿನಿಯರ್' ಎಂಬ ಮನ್ನಣೆಯನ್ನು ನೀಡುತ್ತದೆ. ಅದು ಗೌರವದ ಮನ್ನಣೆ, ಆದರೆ ಎಲ್ಲರಿಗೂ ಕಡ್ಡಾಯವಲ್ಲ. ಆದುದರಿಂದ ಯಾರಾದರೂ ಅಂಗಡಿಯ ಮುಂದೆ 'ಎಂಜಿನಿಯರ್' ಎಂದು ಫಲಕ ತೂಗುಹಾಕಿದರೆ, ವೈದ್ಯನ ಫಲಕವನ್ನು ಪ್ರಶ್ನಿಸುವಂತೆ ಅದನ್ನು ಪ್ರಶ್ನಿಸಲು ಆಧಾರ ದೊರೆಯದು. ಈ ಕೊರತೆಯನ್ನು ನೀಗಿಸಲು ವೃತ್ತಿನಿರತ ಎಂಜಿನಿಯರುಗಳ ನೋಂದಣಿಗೆ ಸಂಬಂಧಿಸಿದ ಕರಡು ಮಸೂದೆಯೊಂದನ್ನು 2025ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು.

ಹಾಗೆಂದು ಎಲ್ಲವೂ ನಿಯಮರಹಿತವಾಗಿದೆಯೆಂದು ತಿಳಿಯಬಾರದು. ಅಪಾಯ ಕಣ್ಣಿಗೆ ಕಾಣುವ ಕಡೆ ಪರವಾನಗಿ ಬಹಳ ಹಿಂದೆಯೇ ಬಂದಿದೆ. ಗಣಿಯ ವ್ಯವಸ್ಥಾಪಕರು, ಬಾಯ್ಲರುಗಳ ಉಸ್ತುವಾರಿ ವಹಿಸುವವರು, ಹಡಗಿನ ಎಂಜಿನಿಯರುಗಳು ಸಾಮರ್ಥ್ಯದ ಪ್ರಮಾಣಪತ್ರವನ್ನು ಪಡೆಯಲೇಬೇಕು. ಮನೆಗೆ ತಂತಿ ಎಳೆಯುವ ವಿದ್ಯುತ್ ಗುತ್ತಿಗೆದಾರನಿಗೂ ಪರವಾನಗಿ ಬೇಕು. ಕಟ್ಟಡಗಳ ವಿಷಯದಲ್ಲಿ, 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಎಂಜಿನಿಯರ್, ರಚನಾ ಎಂಜಿನಿಯರ್, ಮೇಲ್ವಿಚಾರಕ ಇವರಲ್ಲಿ ಒಬ್ಬೊಬ್ಬರಿಗೂ ಇರಬೇಕಾದ ವಿದ್ಯಾರ್ಹತೆ ಮತ್ತು ಅನುಭವವನ್ನು ಹೇಳಿದೆ. ಆದರೆ ಸ್ಥಳೀಯ ಸಂಸ್ಥೆಗಳು ತಮ್ಮ ಉಪನಿಯಮಗಳಲ್ಲಿ ಅಳವಡಿಸಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಹೀಗಾಗಿ ಒಂದು ನಗರದ ನೋಂದಣಿ ಇನ್ನೊಂದು ನಗರದಲ್ಲಿ ನಡೆಯದಿರಬಹುದು.

ಇದರ ಪರಿಣಾಮವನ್ನು ಅನುಭವಿಸುವವನು ಸಾಮಾನ್ಯ ಗೃಹಸ್ಥ. ಜೀವಮಾನದ ಉಳಿತಾಯವನ್ನು ಒಟ್ಟುಗೂಡಿಸಿ ಅವನು ಒಂದು ಮನೆ ಕಟ್ಟಲು ಹೊರಡುತ್ತಾನೆ. ನಕ್ಷೆ ಬರೆದವನೊಬ್ಬ, ಸಹಿ ಹಾಕಿದವನೊಬ್ಬ, ಕಂಬಕ್ಕೆ ಎಷ್ಟು ಸಲಾಕೆ ಬೇಕೆಂದು ನಿರ್ಧರಿಸಿದವನು ಮೇಸ್ತ್ರಿ. ಸಹಿ ಹಾಕಿದವನು ನಿವೇಶನವನ್ನು ನೋಡಿಯೇ ಇಲ್ಲ. ನಾಳೆ ಗೋಡೆ ಬಿರುಕು ಬಿಟ್ಟರೆ ಹೊಣೆ ಯಾರದು? ಮೇಸ್ತ್ರಿಯ ಕೈಚಳಕವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕಂಬದೊಳಗಿನ ಕಬ್ಬಿಣ ಒಮ್ಮೆ ಕಾಂಕ್ರೀಟಿನಲ್ಲಿ ಮುಚ್ಚಿಹೋದ ಮೇಲೆ ಅದನ್ನು ಮತ್ತೆ ಯಾರೂ ಕಾಣಲಾರರು. ಅಲ್ಲಿ ಉಳಿಯುವುದು ನಂಬಿಕೆಯೊಂದೇ.

ಬೇರೆ ದೇಶಗಳೂ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಅಮೆರಿಕದಲ್ಲಿ ಎಂಜಿನಿಯರುಗಳ ಪರವಾನಗಿ ಮೊದಲು ಬಂದದ್ದು 1907ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ. ನೀರಾವರಿ ಹಕ್ಕಿನ ಅರ್ಜಿಗಳಿಗೆ ಅನರ್ಹರು ನಕ್ಷೆ ಬರೆದು ಸಹಿ ಹಾಕುತ್ತಿದ್ದುದೇ ಅದಕ್ಕೆ ಕಾರಣ. 1937ರ ಮಾರ್ಚಿನಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಅನಿಲ ಸೋರಿ ಸ್ಫೋಟವಾಗಿ ಸುಮಾರು ಮುನ್ನೂರು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಅದೇ ವರ್ಷ ಆ ರಾಜ್ಯದಲ್ಲಿ ಎಂಜಿನಿಯರಿಂಗ್ ವೃತ್ತಿಯ ಕಾನೂನು ಜಾರಿಗೆ ಬಂತು. ಬ್ರಿಟನ್ನಿನಲ್ಲಿ ಇಂದಿಗೂ 'ಎಂಜಿನಿಯರ್' ಎಂಬ ಪದಕ್ಕೆ ಕಾನೂನಿನ ರಕ್ಷಣೆಯಿಲ್ಲ, 'ಚಾರ್ಟರ್ಡ್ ಎಂಜಿನಿಯರ್' ಎಂಬಂತಹ ಬಿರುದುಗಳಿಗೆ ಮಾತ್ರ ಇದೆ.

ಆದರೆ ಬೇಲಿಯೇ ಹೊಲವನ್ನು ಮೇಯಬಾರದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬ ವಿದ್ಯುತ್ ಎಂಜಿನಿಯರಿಂಗ್ ಪದವೀಧರರು ಸಂಚಾರ ದೀಪಗಳ ಹಳದಿ ಬೆಳಕಿನ ಅವಧಿಯ ಲೆಕ್ಕದಲ್ಲಿ ದೋಷವಿದೆಯೆಂದು ತೋರಿಸಿದರು. ಪರವಾನಗಿಯಿಲ್ಲದೆ ತಮ್ಮನ್ನು ಎಂಜಿನಿಯರ್ ಎಂದು ಕರೆದುಕೊಂಡರೆಂದು ಅಲ್ಲಿಯ ಮಂಡಳಿ ಅವರಿಗೆ ಐನೂರು ಡಾಲರ್ ದಂಡ ವಿಧಿಸಿತು. 2018ರಲ್ಲಿ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. ಪ್ರಜೆಯನ್ನು ಕಾಪಾಡಲು ಹುಟ್ಟಿದ ನಿಯಮ ಪ್ರಜೆಯ ಬಾಯಿ ಮುಚ್ಚಿಸಲು ಬಳಕೆಯಾಗಬಾರದು. ಡಿಪ್ಲೊಮಾ ಪಡೆದು ದುಡಿಮೆಯಿಂದ ಮೇಲೆ ಬಂದ ಬಡ ತರುಣನಿಗೆ ಬಾಗಿಲು ಮುಚ್ಚಲೂಬಾರದು.

ಈ ನಗರಕ್ಕೆ ಇದು ದೂರದ ಮಾತಲ್ಲ. 2018ರ ಮೇ 15ರಂದು ಇಲ್ಲಿಯ ಕಂಟೋನ್ಮೆಂಟ್ ರೈಲು ನಿಲ್ದಾಣದ ಬಳಿ, ಕಟ್ಟುತ್ತಿದ್ದ ಮೇಲ್ಸೇತುವೆಯ ತೊಲೆಗಳು ತುಂಬಿದ ರಸ್ತೆಯ ಮೇಲೆ ಬಿದ್ದವು. ಕೆಳಗೆ ವಾಹನಗಳಲ್ಲಿದ್ದವರಲ್ಲಿ ಕನಿಷ್ಠ ಹದಿನೈದು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಪದವಿ ಪಡೆದ ಎಂಜಿನಿಯರುಗಳು ಇರಲಿಲ್ಲವೆಂದು ಯಾರೂ ಹೇಳಲಾರರು. ಆದುದರಿಂದ ಪದವಿ ಮೊದಲ ಮೆಟ್ಟಿಲು ಮಾತ್ರ. ಪರೀಕ್ಷಿತವಾದ ಅನುಭವ, ಕಾಲಕಾಲಕ್ಕೆ ನವೀಕರಣ, ತಪ್ಪಿಗೆ ಉತ್ತರ ಹೇಳುವ ಹೊಣೆ, ಇವು ಮೂರೂ ಸೇರಿದರೆ ಮಾತ್ರ ಪರವಾನಗಿಗೆ ಅರ್ಥ ಬರುತ್ತದೆ. ಇಲ್ಲವಾದರೆ ಅದು ಗೋಡೆಗೆ ತೂಗುಹಾಕುವ ಇನ್ನೊಂದು ಚೌಕಟ್ಟಾಗುತ್ತದೆ.

ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮನೆ ಕಟ್ಟಿಸುವವರು ಮೊದಲು ಕೆಲವು ಪ್ರಶ್ನೆಗಳನ್ನು ಕೇಳಲಿ. ನಿಮ್ಮ ವಿದ್ಯಾರ್ಹತೆ ಯಾವುದು? ಸ್ಥಳೀಯ ಸಂಸ್ಥೆಯಲ್ಲಿ ನಿಮ್ಮ ನೋಂದಣಿ ಸಂಖ್ಯೆ ಎಷ್ಟು, ಅದು ಈಗಲೂ ಊರ್ಜಿತವಾಗಿದೆಯೆ? ಮಣ್ಣಿನ ಪರೀಕ್ಷೆ ನಡೆದಿದೆಯೆ? ಕಬ್ಬಿಣದ ವಿವರವುಳ್ಳ ನಕ್ಷೆಯನ್ನು ನಿಮ್ಮ ಸಹಿಯೊಂದಿಗೆ ಕೊಡುವಿರಾ? ಕಾಂಕ್ರೀಟು ಸುರಿಯುವ ದಿನ ನೀವೇ ಬಂದು ನೋಡುವಿರಾ? ನಿಜವಾದ ಎಂಜಿನಿಯರ್ ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ. ನೊಂದುಕೊಳ್ಳುವವರಿಂದ ದೂರವಿರುವುದೇ ಕ್ಷೇಮ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಮುಂದೆ ನಿಮ್ಮ ಸಹಿ ಬೀಳುವ ಪ್ರತಿಯೊಂದು ಕಾಗದದ ಕೆಳಗೂ ಮುಖ ಕಾಣದ ಯಾರೋ ಮಲಗಿ ನಿದ್ರಿಸುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ. ನೋಡದ ಕೆಲಸಕ್ಕೆ ಸಹಿ ಹಾಕಬೇಡಿ. ಕಾಯಿದೆಯ ಬಲವಿಲ್ಲದಿದ್ದರೂ ನೀವು ಪಾಲಿಸಬಹುದಾದ ನಿಯಮವಿದು. ವಿಶ್ವೇಶ್ವರಯ್ಯನವರ ಜನ್ಮದಿನದಂದು ಅವರಿಗೆ ನಾವು ಸಲ್ಲಿಸಬಹುದಾದ ಗೌರವವೂ ಇದೇ.